ಹೊಸ ಹೆಡ್‌ಫೋನಿನಲ್ಲಿ ಹೈಥಮ್

ಪರೀಕ್ಷೆಯ ಸದ್ದು ಹೊರಗೆ ಹೋಗದಂತೆ ಆಂಟೆನಾ ಕಳಚುವುದನ್ನು ರುಬಾ ಮರೆತಿದ್ದಳು. ಹೊಸ ಹೆಡ್‌ಫೋನು ಪರೀಕ್ಷಿಸಲು ಕಂಪ್ಯೂಟರಿನ ಗುಂಡಿ ಒತ್ತಿದ್ದೇ ತಡ, ಅವಳ ತಮ್ಮ ರೇಡಿಯೊ ಸ್ಪರ್ಧೆಗೆಂದು ತನ್ನ ದನಿಯಲ್ಲಿ ಮುದ್ರಿಸಿಟ್ಟಿದ್ದ ಕರೆ ಅಮ್ಮಾನಿನ ಹ್ಯಾಮ್ ರೇಡಿಯೊ ಕ್ಲಬ್ಬಿನಿಂದ ಆಕಾಶಕ್ಕೆ ಹಾರಿಹೋಯಿತು: "ಹೈಥಮ್ ಕರೀತಿದೀನಿ, ಯಾರಾದ್ರೂ ಇದೀರಾ?"

ಹೈಥಮ್ ಚಳಿಗಾಲದಲ್ಲೇ ತೀರಿಕೊಂಡಿದ್ದ. "ಹಳೇದನ್ನ ಅಳಿಸಿ ನಿನ್ನ ದನಿ ತುಂಬಮ್ಮ," ಎಂದು ಕ್ಲಬ್ಬಿನ ಹಿರಿಯ ಅಬು ಶಾಹಿರ್ ಬೆಳಿಗ್ಗೆಯೇ ಹೇಳಿದ್ದರು. ಅವಳಿಗೆ ಮನಸ್ಸು ಬಂದಿರಲಿಲ್ಲ.

"ಲೋ ಹೈಥಮ್! ಎಲ್ಲಿ ಸತ್ತಿದ್ಯೋ ಇಷ್ಟು ದಿನ?" ಟ್ಯುನೀಸಿಯಾದಿಂದ ಅವನ ಗೆಳೆಯ ಮುನ್ಸಿಫ್ ಅವಳ ಕಿವಿಯೊಳಗೇ ನಿಂತಂತೆ ಕೂಗಿದ.

'ಅವನಿಲ್ಲ' ಎನ್ನಲು ರುಬಾ ಮೈಕು ಹಿಡಿದಳು. ಕೊನೆಗೆ ಮೈಕು ಕೆಳಗಿಟ್ಟು, ತಮ್ಮನ ಉತ್ತರ ಮುದ್ರಿಸಿದ್ದ ಪಕ್ಕದ ಗುಂಡಿ ಒತ್ತಿದಳು.

"ಚೆನ್ನಾಗಿ ಕೇಳಿಸ್ತಿದೆ ಹಬೀಬಿ," ಎಂದ ಹೈಥಮ್.

ಮುನ್ಸಿಫ್ ಗಟ್ಟಿಯಾಗಿ ನಕ್ಕ. "ನಿನ್ನ ದನಿ ಒಂಚೂರೂ ಬದಲಾಗಿಲ್ಲ ಕಣೋ!"