ಎಡಕ್ಕೆ ಒಂದು ಗೇಣು

ಮೂರನೆಯ ಗುಂಡೂ ಎಡಕ್ಕೇ ಹೋಯಿತು.

ಆಂಟಾಪ್ ಹಿಲ್‌ನ ಆ ಬಿಲ್ಡಿಂಗಿನ ಟೆರೇಸ್ ಮೇಲೆ ಭಾನುವಾರ ಬೆಳಿಗ್ಗೆ ಸೊಸೈಟಿಯ ಹತ್ತು ಹದಿನೈದು ಮಂದಿ ಸೇರಿದ್ದರು. ಕಾಶಿನಾಥ ಕೈ ನಡುಗಬಾರದೆಂದು ಅಗ್ಗದ ಏರ್‌ಗನ್ನನ್ನು ಕುರ್ಚಿಯ ಬೆನ್ನಿಗೆ ಆನಿಸಿ, ಕಪ್ಪು ಚುಕ್ಕೆಯ ನಡುವಿಗೇ ಗುರಿಯಿಟ್ಟು ಮತ್ತೆ ಟ್ರಿಗರ್ ಎಳೆದ. ನಾಲ್ಕನೆಯದೂ ಎಡಕ್ಕೆ. ಸರಿಯಾಗಿ ಒಂದು ಗೇಣು. ತೂತು ಎಲ್ಲರಿಗೂ ಕಾಣಲೆಂದು ಅವನು ನಸುಕಿನ ಕತ್ತಲಲ್ಲೇ ಹಳೆಯ ಗುರಿಹಾಳೆಯ ಮೇಲೆಯೇ ಅಗಲವಾದ ಹೊಸ ಚಾರ್ಟು ಅಂಟಿಸಿದ್ದ.

ಗೆದ್ದ ಖುಷಿಗಿಂತ ಅವನಿಗೆ ನಾಚಿಕೆಯೇ ಹೆಚ್ಚಾಗಿತ್ತು. ಹೆತ್ತ ಮಗಳ ಮರ್ಯಾದೆಯನ್ನು ನಾಲ್ಕು ಜನರ ಮುಂದೆ ಗುಂಡು ಹಾರಿಸಿ ಉಳಿಸಬೇಕಾಗಿ ಬಂತಲ್ಲ!

ಗುರುವಾರ ಗುಂಡು ತಗಲಿ ಟೆರೇಸಿನ ಕ್ಯಾಮೆರಾ ಒಡೆದಿತ್ತು. ಅದಿದ್ದದ್ದು ಇದೇ ಗೋಡೆಯ ಮೇಲೆ, ಗುರಿಹಾಳೆಯ ಚುಕ್ಕೆಯಿಂದ ಒಂದು ಗೇಣು ಎಡಕ್ಕೆ. ಮಗಳು ಶೈಲಾ ತಿಂಗಳಿಂದ ದಿನವೂ ಇಲ್ಲಿ ಗುರಿ ಹೊಡೆಯುತ್ತಿದ್ದಳು. ಹುಟ್ಟುಹಬ್ಬಕ್ಕೆ ಏರ್‌ಗನ್ ತರಿಸಿಕೊಟ್ಟವನು ಕಾಶಿನಾಥನೇ.

"ಪಪ್ಪಾ, ನಾನು ಸೆಂಟರ್‌ಗೇ ಏಮ್ ಮಾಡಿದ್ದೆ. ಸಚ್ಚಿ. ಗನ್ನೇ ಖರಾಬ್ ಇದೆ," ಎಂದು ಅವಳು ಅತ್ತಿದ್ದಳು.

ಆದರೆ ವಾಚ್‌ಮನ್ ಯಲ್ಲಾಲಿಂಗ ಸೊಸೈಟಿ ಮೀಟಿಂಗಿನಲ್ಲಿ ಬೇರೆಯೇ ಹೇಳಿದ್ದ. "ತಪ್ಪಿ ಬಿದ್ದ ಗುಂಡಲ್ರಿ ಅದು. ಅಕ್ಕೋರು ಬೇಕಂತನ ಒಡದಾರ. ಆ ಹುಡುಗ ಅಮೋಲ್ ಅಕ್ಕೋರ ಜೋಡಿ ಮ್ಯಾಲ ಬಂದು ಕೂಡೋದು ಕ್ಯಾಮೆರಾದಾಗ ಬೀಳ್ತಿತ್ತು. ನಿಮ್ಮಪ್ಪಗ ತೋರಸ್ತೀನಿ ಅಂದೆ, ಮರುದಿನಾನ ಒಡೀತು."

ಹಿಂದಿನ ದಿನಗಳ ರೆಕಾರ್ಡಿಂಗ್ ಅಳಿಸಿಹೋಗಿತ್ತು. ಉಳಿದದ್ದು ಬರೀ ಬಾಯಿಮಾತು. ಕಾಶಿನಾಥನಿಗೆ ನೆಲ ಬಾಯ್ತೆರೆದು ನುಂಗಬಾರದೇ ಎನಿಸಿತ್ತು. ಯಲ್ಲಾಲಿಂಗ ಕಲಬುರಗಿ ಸೀಮೆಯ ತನ್ನೂರಿನವನು. ಈ ಕೆಲಸ ಕೊಡಿಸಿದವನೂ ತಾನೇ. ಉಂಡ ಮನೆಗೆ ಎರಡು ಬಗೆದನಲ್ಲ ಎಂದು ಮೂರು ದಿನ ಅವನಿಗೆ ಅನ್ನ ಸೇರಲಿಲ್ಲ.

ಐದನೆಯ ಗುಂಡೂ ಎಡಕ್ಕೇ ಬಿದ್ದ ಮೇಲೆ ಚೇರ್‌ಮನ್ ಉಸ್ಮಾನ ಏರ್‌ಗನ್ನನ್ನು ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದ.

"ನಳಿಗಿ ತುದಿ ಮ್ಯಾಲಿನ ಗುರಿ ನೋಡೋ ಮೊನಿನೇ ಬಲಕ್ಕ ವಾರಿ ಕುಂತದ ನೋಡ್ರಿ. ಕಾರ್ಖಾನ್ಯಾಗೇ ಹಿಂಗ ಆಗ್ಯಾದ. ತಂದ ದಿನದಿಂದ ಇದು ಎಡಕ್ಕೇ ಹೊಡೀತದ."

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ನೆಲವೇ ನಿಜವಾಗಿ ಡೊಂಕಾಗಿತ್ತು! ಜನ ಯಲ್ಲಾಲಿಂಗನ ಕಡೆ ತಿರುಗಿದರು.

"ಸಾಹೇಬ್ರ, ಆ ಹಳೇ ಹಾಳಿ ಒಂದೀಟು..."

"ಬಾಯಿ ಮುಚ್ಚು! ಇನ್ನೂ ಎಷ್ಟು ಮಾನ ಕಳೀತಿ?" ಕಾಶಿನಾಥ ಗದರಿದ.

ಯಲ್ಲಾಲಿಂಗ ಟೊಪ್ಪಿಗೆ ತೆಗೆದು, ತನ್ನ ಮಗಳ ವಯಸ್ಸಿನ ಹುಡುಗಿಗೆ ಕೈಮುಗಿದ. "ತಪ್ಪಾತ್ರಿ ಅಕ್ಕೋರ." ಶೈಲಾ ತಲೆಯೆತ್ತಲಿಲ್ಲ, ತನ್ನ ಚಪ್ಪಲಿಯನ್ನೇ ನೋಡುತ್ತ ನಿಂತಳು. ಇಷ್ಟಾದರೂ ಮಗಳು ಒಂದು ಕೆಟ್ಟ ಮಾತಾಡಲಿಲ್ಲವಲ್ಲ ಎಂದು ಕಾಶಿನಾಥನಿಗೆ ಹೆಮ್ಮೆಯಾಯಿತು. ಯಲ್ಲಾಲಿಂಗನನ್ನು ಕೆಲಸದಿಂದ ತೆಗೆಯಲೇಬೇಕೆಂದು ಪಟ್ಟು ಹಿಡಿದು ತೆಗೆಸಿಯೇಬಿಟ್ಟ.

ಮಧ್ಯಾಹ್ನ ಯಲ್ಲಾಲಿಂಗನೂ ಅವನ ಹೆಂಡತಿ ಮಹಾದೇವಿಯೂ ಮೆಟ್ಟಿಲ ಕೆಳಗಿನ ಖೋಲಿ ಖಾಲಿ ಮಾಡಿ, ಟ್ರಂಕು ಹೊತ್ತು ವಡಾಲ ಸ್ಟೇಷನ್ನಿನ ಕಡೆ ನಡೆದರು. ಕಿಟಕಿಯಿಂದ ನೋಡಿದ ಕಾಶಿನಾಥನಿಗೆ ಒಳಗೆಲ್ಲೋ ಚುರ್ರೆಂದಿತು. ಮಾಡಿದ್ದುಣ್ಣೋ ಮಹರಾಯ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಸಂಜೆ ಟೆರೇಸಿನ ಚಾರ್ಟು ಕಿತ್ತು ತರಲು ಹೊರಟ. ಶೈಲಾ ದಡಬಡಿಸಿ ಎದ್ದಳು. "ರೆಹನೇ ದೋ ಪಪ್ಪಾ, ನಾನೇ ತೆಗೀತೀನಿ."

"ನೀ ಕುಂದ್ರವ್ವಾ. ಭಾಳ ನೊಂದೀದಿ," ಎಂದು ಅವಳ ತಲೆ ನೇವರಿಸಿ ಮೇಲೆ ಹೋದ. ಚಾರ್ಟಿನ ಮೂಲೆ ಹಿಡಿದು ಎಳೆದ.

ಕೆಳಗಿನ ಹಳೆಯ ಹಾಳೆಯಲ್ಲಿ, ಅದೇ ಡೊಂಕು ಏರ್‌ಗನ್ನಿನಿಂದ ಮಗಳು ತಿಂಗಳಿಡೀ ಹೊಡೆದ ಗುಂಡುಗಳೆಲ್ಲ ಕಪ್ಪು ಚುಕ್ಕೆಯ ನಟ್ಟನಡುವೆಯೇ ಬಿದ್ದಿದ್ದವು.