ಕೊಲೆಯ ತಾಲೀಮು

ಪಕ್ಕದ ಮನೆಯಲ್ಲಿ ಏನೋ ಭಾರವಾದದ್ದು ಗೋಡೆಗೆ ಅಪ್ಪಳಿಸಿತು. ಬೆನ್ನಿಗೇ ಒಂದು ಕಿರುಚು. ಮತ್ತೊಂದು ಪೆಟ್ಟು, ಎಲುಬಿಗೇ ಬಿದ್ದಂಥದ್ದು.

ಹಿತ್ತಲಲ್ಲಿ ಚಹಾ ಕುಡಿಯುತ್ತಿದ್ದ ಕೋರಲ್ ತಲೆ ಎತ್ತಲೂ ಇಲ್ಲ. ಅಡಿಲೇಡ್‌ನಿಂದ ಮೊನ್ನೆಯಷ್ಟೇ ಬಂದಿದ್ದ ತಂಗಿ ನೊರೀನ್ ಮಾತ್ರ ಕಪ್ಪು ಕೆಳಗಿಟ್ಟು ಫೋನಿಗೆ ಕೈ ಹಾಕಿದಳು.

"ಪೊಲೀಸ್‌ಗೆ ಹೇಳ್ತೀನಿ. ಅಲ್ಲಿ ಯಾರನ್ನೋ ಕೊಲ್ತಿದ್ದಾರೆ ಕಣೇ."

"ಹದಿನೈದು ವರ್ಷದಿಂದ ಕೊಲ್ತಾನೇ ಇದ್ದಾರೆ," ಎಂದು ಕೋರಲ್ ನಕ್ಕು ಫೋನು ಕಿತ್ತುಕೊಂಡಳು. "ನೀನು ಸುಮ್ನೆ ಕೇಕ್ ತಿನ್ನು."

ಅದು ಕಾದಂಬರಿಗಾರ್ತಿ ಗ್ಲೆನಿಸ್‌ಳ ಮನೆ. ಹಿತ್ತಲ ಗಿಡ ಮದ್ದಲ್ಲ ಎಂಬ ಮಾತು ಅವಳ ವಿಷಯದಲ್ಲಿ ಸುಳ್ಳು. ಆ ಕಡಲತೀರದ ಪುಟ್ಟ ಊರು ಅವಳನ್ನು ತಲೆಯ ಮೇಲೆ ಹೊತ್ತು ಮೆರೆಯುತ್ತಿತ್ತು. ಮನೆಯಲ್ಲಿ ಅಭಿನಯಿಸಿ ನೋಡದೆ ಅವಳು ಒಂದು ಕೊಲೆಯನ್ನೂ ಬರೆದವಳಲ್ಲ. ಗಂಡ ಕೀತ್ ಕೊಲೆಗಾರ, ಇವಳು ಹೆಣ. ಮೊದಲ ಕಾದಂಬರಿಗೆ ಕೊರಳ ಮೇಲೆ ಬೆರಳಿನ ಗುರುತು ಮೂಡಿತ್ತು. ಮೆಟ್ಟಿಲಿನ ಅಧ್ಯಾಯಕ್ಕೆ ತೋಳು ಮುರಿದಿತ್ತು. ಗ್ರಂಥಾಲಯದ ವೇದಿಕೆಯಲ್ಲಿ ಕೀತ್ ಅದನ್ನೆಲ್ಲ ಬಣ್ಣಿಸಿದಾಗ ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದರು. ಗ್ಲೆನಿಸ್ ಪಕ್ಕದಲ್ಲಿ ಕೂತು ಮುಗುಳ್ನಕ್ಕಿದ್ದಳು. ಒಮ್ಮೆ ವಿಚಾರಿಸಲು ಬಂದ ಪೊಲೀಸನೂ ಅವಳ ಸಹಿ ಹಾಕಿಸಿಕೊಂಡ ಪುಸ್ತಕ ಹಿಡಿದು ಹೋಗಿದ್ದ. ಈಗೀಗ ತಾಲೀಮು ವಾರಕ್ಕೊಮ್ಮೆ ತಪ್ಪದೆ ನಡೆಯುತ್ತಿತ್ತು. ಬರಲಿರುವ ಪುಸ್ತಕ ಭಾರಿಯಾಗಿಯೇ ಇರಬೇಕೆಂದು ಕೋರಲ್ ಕಾಯುತ್ತಿದ್ದಳು.

ಇನ್ನೊಂದು ಕಿರುಚು ಬಂತು. ಈ ಸಲ ಮಾತಿತ್ತು, ಗಂಡಸಿನ ದನಿಯಿತ್ತು.

"ಕೋರಲ್, ಬಾ. ಇವಳು ನನ್ನ ಕೊಂದುಬಿಡ್ತಾಳೆ."

"ಇವತ್ತು ಕೀತ್ ಹೆಣ," ಎಂದಳು ಕೋರಲ್. "ಅವನಿಗೂ ಸ್ವಲ್ಪ ರುಚಿ ಗೊತ್ತಾಗ್ಲಿ."

ನೊರೀನ್ ಫೋನಿಗಾಗಿ ಅಂಗಲಾಚಿದಳು. ಕೋರಲ್ ಅದನ್ನು ಜೇಬಿಗಿಳಿಸಿ, ಬೇಲಿಯಾಚೆಗೆ ಕೂಗಿ ಹೇಳಿದಳು:

"ಕೀತ್, ಇನ್ನೂ ಜೋರಾಗಿ ಅರಚು. ನನ್ನ ತಂಗಿಗೆ ಮಾತ್ರ ನಂಬಿಕೆ ಬಂದಿದೆ."

ಮತ್ತೆ ನಾಲ್ಕಾರು ಪೆಟ್ಟು ಬಿತ್ತು. ಗೊರಗೊರ ಸದ್ದೊಂದು ಎಳೆದಾಡಿ ನಿಂತಿತು.

ಸ್ವಲ್ಪ ಹೊತ್ತಿಗೆ ಗ್ಲೆನಿಸ್ ಬೇಲಿಯ ಬಳಿ ಬಂದಳು. ಮೊಣಕೈಯವರೆಗೂ ಕೆಂಪು. ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ಕೋರಲ್ ಚಪ್ಪಾಳೆ ತಟ್ಟಿ, ಪುಸ್ತಕ ಎಲ್ಲಿಗೆ ಬಂತೆಂದು ಕೇಳಿದಳು.

"ನಾನು ಬರೆಯೋದು ಬಿಟ್ಟು ಮೂರು ವರ್ಷ ಆಯ್ತು, ಕೋರಲ್," ಎಂದಳು ಗ್ಲೆನಿಸ್. "ಅವನು ಹೊಡೆಯೋದು ಬಿಡ್ಲಿಲ್ಲ."