ಕಣ್ಣು ಮುಚ್ಚಿ ಕೈ ಎತ್ತಿರಿ

"ನಾಮಿನೇಷನ್ ಹಿಂದ ತಗೋತಿಯೋ, ಇಲ್ಲಾ ಸಭಾದ ಮುಂದ ಇಡ್ಲೋ?" ಪ್ರಾರ್ಥನಾ ಮಂದಿರದ ಮೆಟ್ಟಿಲ ಮೇಲೇ ಸಭಾಹಿರಿಯ ರಾಯಪ್ಪ ದೇವಕ್ಕನನ್ನು ಅಡ್ಡಗಟ್ಟಿದ.

"ಇಡ್ರಿ. ನೋಡೇಬಿಡೂಣು," ಎಂದಳು ದೇವಕ್ಕ. ಹಿಟ್ಟಿನ ಗಿರಣಿಯ ಗದ್ದಲದಲ್ಲಿ ವರ್ಷಗಟ್ಟಲೆ ಮಾತಾಡಿ ಪಳಗಿದ ಗಂಟಲು. ಮೆಲ್ಲಗೆ ಹೇಳಿದರೂ ಒಳಗೆ ಕುಳಿತವರಿಗೆಲ್ಲ ಕೇಳಿಸಿತು.

ಮುರಗೋಡದ ಪಂಚಾಯ್ತಿ ಚುನಾವಣೆಗೆ ಅವಳು ನಿಂತಿದ್ದಳು. ಕ್ರೈಸ್ತರ ಓಣಿಗೆ ಒಂದು ನಳ ಹಾಕಿಸಿಯೇ ತೀರಬೇಕೆಂಬುದು ಅವಳ ಹಟ. ಕಳೆದ ಸಲ ಅಲ್ಲಿಂದ ಮೆಂಬರಾಗಿದ್ದವನು ಇದೇ ರಾಯಪ್ಪ. ಅಷ್ಟೂ ವರ್ಷ ಕುರ್ಚಿ ಬಿಸಿ ಮಾಡಿದ, ನಳ ಮಾತ್ರ ಬರಲಿಲ್ಲ. ಈ ಸಲ ಆ ಜಾಗ ಹೆಂಗಸರ ಮೀಸಲಿಗೆ ಬಿತ್ತು. ಹೆಂಗಸು ಗಂಡಸಿನ ಮೇಲೆ ಅಧಿಕಾರ ನಡೆಸಬಾರದೆಂಬ ಬೈಬಲಿನ ಪೌಲನ ಮಾತು ಪುಣ್ಯಾತ್ಮನಿಗೆ ನೆನಪಾದದ್ದು ಆಮೇಲೆಯೇ.

ಅಂದು ದೇಶಕ್ಕಾಗಿ ಪ್ರಾರ್ಥನೆ ಮಾಡುವ ರವಿವಾರ. ರಾಯಪ್ಪ ದಿಲ್ಲಿಯಿಂದ ಶುರುಮಾಡಿ ತಹಶೀಲ್ದಾರರವರೆಗೆ ಆಳುವವರನ್ನೆಲ್ಲ ದೇವರ ಕೈಗೆ ಒಪ್ಪಿಸಿದ. ಆಮೇಲೆ ಸ್ವರ ಏರಿತು. ಮೂರರಲ್ಲೊಂದು ಕುರ್ಚಿಯನ್ನು ಹೆಂಗಸರಿಗೆ ಬಿಡುವ ಮಸೂದೆ ದಿಲ್ಲಿಯಲ್ಲಿ ಬಂದಿದೆಯಂತೆ, ಕರ್ತನೇ ತಡೆ, ಈ ದೇಶವನ್ನು ಕಾಪಾಡು ಎಂದು ಕಣ್ಣೀರನ್ನೇ ಸುರಿಸಿದ. ಹಿಂದೆ ದಿಲ್ಲಿಯಲ್ಲಿ ಹೆಂಗಸೇ ಪ್ರಧಾನಿಯಾಗಿದ್ದಾಗ ಇದೇ ಬಾಯಿ ಆಕೆಗೆ ದೀರ್ಘಾಯುಷ್ಯ ಬೇಡುತ್ತಿತ್ತು. ಆಗ ಹೋಗಿದ್ದು ಬೇರೆ ಯಾರದೋ ಕುರ್ಚಿ, ಇವನ ಗಂಟೇನು ಹೋಗಬೇಕು?

ಪ್ರಾರ್ಥನೆ ಮುಗಿದದ್ದೇ ತಡ, ದೇವಕ್ಕ ಎದ್ದಳು. "ಬೈಬಲದಾಗ ದೆಬೋರಾ ಹೆಂಗಸಾಗಿ ಇಸ್ರಾಯೇಲರಿಗೆ ನ್ಯಾಯ ಹೇಳಲಿಲ್ಲೇನ್ರಿ? ದಂಡಿನ ಜೋಡಿ ಯುದ್ಧಕ್ಕ ಹೋಗಲಿಲ್ಲೇನು?"

"ಆಗ ಗಂಡಸರು ಹೇಡಿ ಆಗಿದ್ರು, ಅದಕ್ಕ."

"ಈಗೇನು ಹುಲಿ ಆಗ್ಯಾರೇನ್ರಿ?"

ಹೆಂಗಸರ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ರಾಯಪ್ಪ ಕತ್ತು ತಿರುಗಿಸಿದ. ಎಲ್ಲರ ಸೆರಗೂ ಹಣೆಯ ಮೇಲೆ ಇಳಿಯಿತು.

ದೇವಕ್ಕನಿಗೆ ಮೈಯುರಿಯಿತು. ಆ ಸಾಲಿನಲ್ಲೇ ಕೂತಿದ್ದ ಓಣಿಯ ಸತ್ಯವ್ವ ನಿನ್ನೆ ಗಿರಣಿಯಲ್ಲಿ ಅವಳ ಕೈ ಹಿಡಿದುಕೊಂಡು, "ಅಕ್ಕಾ, ನೀ ನಿಲ್ಲಬೇಕ ನೋಡು. ಕೊಡ ಹೊತ್ತು ಹೊತ್ತು ನನ್ನ ಟೊಂಕಾ ಬಿದ್ದೈತಿ," ಎಂದು ಅತ್ತಿದ್ದಳು. ಈಗ ನೆಲದಲ್ಲಿ ಏನೋ ಕಳೆದುಕೊಂಡವರಂತೆ ಬಗ್ಗಿ ಕೂತಿದ್ದಾಳೆ. ಓಣಿಯ ಓಟೆಲ್ಲ ನಿನಗೇ ಎಂದಿದ್ದ ಜಟ್ಟೆಪ್ಪ ತನ್ನ ಉಗುರು ನೋಡಿಕೊಳ್ಳುತ್ತಿದ್ದಾನೆ. ಥೂ, ಇವರೂ ಮನುಷ್ಯರೇ!

ಆ ಸಭೆಯಲ್ಲಿ ಯಾವ ತೀರ್ಮಾನವಿದ್ದರೂ ಒಂದೇ ಪದ್ಧತಿ. ಎಲ್ಲರೂ ತಲೆ ತಗ್ಗಿಸಿ ಕಣ್ಣು ಮುಚ್ಚಬೇಕು, ಒಪ್ಪುವವರು ಕೈ ಎತ್ತಬೇಕು. ಒಬ್ಬರ ಮನಸ್ಸು ಇನ್ನೊಬ್ಬರಿಗೆ ಕಾಣಬಾರದಂತೆ. ಕಣ್ಣು ತೆರೆದಿರುವವನು ಹಿರಿಯ ಒಬ್ಬನೇ. ನಡುವೆ ಕದ್ದು ನೋಡುವುದು ಪಾಪವೆಂದು ಕೂಸುಗಳಿಗೂ ಹೇಳಿಕೊಟ್ಟಿದ್ದರು.

"ಕೈ ಎತ್ತೂ ಮುಂಚೆ ಒಂದ ಮಾತು," ಎಂದ ರಾಯಪ್ಪ. "ಸಭಾದ ಮಾತಿಗೆ ಹೊರಗ ನಿಂತವರ ಮನಿ ಲಗ್ನಾ ಸಭಾ ಹೆಂಗ ಮಾಡೀತು? ವಿಚಾರ ಮಾಡ್ರಿ."

ಹೇಳಿದ್ದು ಎಲ್ಲರಿಗೆ, ನೋಡಿದ್ದು ದೇವಕ್ಕನನ್ನು. ಬರುವ ತಿಂಗಳು ಅವಳ ಮಗಳು ಎಸ್ತೇರಳ ಮದುವೆ. ತಂದೆಯಿಲ್ಲದ ಹುಡುಗಿ. ಗಂಡಿನ ಕಡೆಯವರು ಸಭೆಯ ಒಪ್ಪಿಗೆಯಿಲ್ಲದೆ ಹೆಜ್ಜೆ ಇಡುವವರಲ್ಲ.

ಕಣ್ಣುಗಳು ಮುಚ್ಚಿದವು.

"ದೇವಕ್ಕ ನಾಮಿನೇಷನ್ ಹಿಂದ ತಗೀಬೇಕು ಅನ್ನಾವ್ರು ಕೈ ಎತ್ರಿ."

ರಾಯಪ್ಪನ ಹೆಜ್ಜೆಯ ಸಪ್ಪಳ ಸಾಲುಗಳ ನಡುವೆ ಹಾದುಹೋಯಿತು.

"ಹಾಂ, ಅಲ್ಲೊಂದು ಕೈ ಕಾಣಾಕತ್ತೈತಿ. ಸ್ತೋತ್ರ."

ಜಟ್ಟೆಪ್ಪನದೇ ಇರಬೇಕು ಎಂದುಕೊಂಡಳು ದೇವಕ್ಕ. ಹಿರಿಯರು ಕೆಮ್ಮಿದರೂ ನಡುಗುವ ಗಂಡಸು.

"ಹೆಂಗಸರ ಕಡೆ ಒಂದು. ಸ್ತೋತ್ರ. ಹಿಂದಿನ ಸಾಲಿನಾಗ ಮತ್ತೆರಡು. ಎತ್ರಿ, ಅಂಜಬ್ಯಾಡ್ರಿ."

ಸತ್ಯವ್ವ! ಟೊಂಕ ಬಿದ್ದವಳ ಕೈ ಎಷ್ಟು ಲಗೂ ಎದ್ದಿತಲ್ಲ! ದೇವಕ್ಕನ ಹಲ್ಲು ಕಟಕಟ ಎಂದಿತು.

"ದೇವರಿಗೆ ಸ್ತೋತ್ರ. ಇನ್ನ ಒಂದಿಬ್ಬರು ಅಷ್ಟ ಉಳದಾರ. ಅವರನ್ನೂ ಕಾಯತೇನಿ."

ಒಂದಿಬ್ಬರಂತೆ! ಆ ಒಬ್ಬಳು ಯಾರೆಂದು ಅವಳಿಗೆ ಗೊತ್ತಿತ್ತು. ಇಂಥ ಬೆನ್ನೆಲುಬಿಲ್ಲದ ಮಂದಿಗಾಗಿ ತಾನು ಮಗಳ ಮದುವೆ ಕೆಡಿಸಿಕೊಳ್ಳಬೇಕೇ? ನಳ ಬೇಡವಾದರೆ ಕೊಡ ಹೊತ್ತೇ ಸಾಯಲಿ. ಎಲ್ಲರೂ ಸೇರಿ ಸೋಲಿಸಿಯಾದ ಮೇಲೆ ತನ್ನದೊಂದು ಕೈಯಿಂದ ಆಗುವುದೇನು, ಹೋಗುವುದೇನು? ಅವುಡುಗಚ್ಚಿ, ಇಡೀ ಸಭೆಯ ಮುಖಕ್ಕೆ ಉಗುಳುವವಳಂತೆ ದೇವಕ್ಕ ಕೈ ಎತ್ತಿದಳು.

"ಹಂಗ ಇರ್ಲಿ, ಇಳಸಬ್ಯಾಡ್ರಿ," ಎಂದ ರಾಯಪ್ಪ. ಹಿಂದೆಂದೂ ಹೇಳದ ಮಾತೊಂದನ್ನು ಆಮೇಲೆ ಹೇಳಿದ. "ಎಲ್ಲಾರೂ ಕಣ್ಣ ತಗೀರಿ."

ಹೇಡಿಗಳನ್ನು ಒಬ್ಬೊಬ್ಬರನ್ನಾಗಿ ನೋಡಿಯೇಬಿಡುತ್ತೇನೆಂದು ದೇವಕ್ಕ ಕಣ್ಣು ತೆರೆದಳು. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಜಟ್ಟೆಪ್ಪ ಎರಡೂ ಕೈಗಳನ್ನು ಕಂಕುಳಲ್ಲಿ ಬಿಗಿಯಾಗಿ ಇಟ್ಟುಕೊಂಡಿದ್ದ. ಸತ್ಯವ್ವನ ಕೈಗಳು ಮಡಿಲಲ್ಲಿದ್ದವು, ಕಣ್ಣಲ್ಲಿ ನೀರಿತ್ತು.

ಇಡೀ ಸಭೆಯಲ್ಲಿ ಎದ್ದಿದ್ದ ಕೈ ದೇವಕ್ಕನದೊಂದೇ.